ಒಬೀಡಿಯೆಂಟ್ ಮತ್ತು ಡೋಸೈಲ್: ಎರಡು ಗುಣವಾಚಕಗಳ ಜಾಡಿನಲ್ಲಿ

(ಸುವರ್ಣ ಮಹೋತ್ಸವದ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಂಗ್ಲಿಷ್ ಭಾಷೆಗೆ ಸಂಬಂಧಿಸಿದ ಯಾವುದಾದರೂ ವಿಷಯದ ಮೇಲೆ, ಮಕ್ಕಳಿಗೂ ತಿಳಿಯುವ ಹಾಗೆ, ಅರ್ಧ ಗಂಟೆ ಮಾತನಾಡಬೇಕು ಎಂದು ಸಂಘಟಕರು ಅಪ್ಪಣೆ ಮಾಡಿದ್ದಾರೆ. ನಾನು ಎರಡೇ ಎರಡು ಪದಗಳನ್ನು ತಂದಿದ್ದೇನೆ. ಒಂದು ಒಬೀಡಿಯೆಂಟ್, ಇನ್ನೊಂದು ಡೋಸೈಲ್. ಎರಡೂ ಮನುಷ್ಯನ ನಡವಳಿಕೆಯನ್ನು ಹೇಳುವ ಗುಣವಾಚಕಗಳು. ಎರಡೂ ಲ್ಯಾಟಿನ್‌ನಿಂದ ಇಂಗ್ಲಿಷಿಗೆ ಬಂದವು. ಇಂಗ್ಲಿಷ್–ಕನ್ನಡ ನಿಘಂಟು ತೆರೆದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ ಕಾಣುತ್ತದೆ: ವಿಧೇಯ, ಹೇಳಿದ ಹಾಗೆ ಕೇಳುವ. ಆದರೆ ಇವು ಒಂದೇ ಅಲ್ಲ. ಇವುಗಳ ನಡುವಿನ ಅಂತರ ತಿಳಿದರೆ ಶಾಲೆ ಎಂಬುದು ಯಾತಕ್ಕಾಗಿ ಇದೆ ಎನ್ನುವುದೂ ಸ್ವಲ್ಪ ತಿಳಿಯುತ್ತದೆ ಎಂಬುದು ನನ್ನ ನಂಬಿಕೆ.

ಮೊದಲನೆಯ ಪದ ನಮಗೆಲ್ಲ ಹಳೆಯ ಪರಿಚಯ. ಈ ಸಭೆಯಲ್ಲಿ ರಜಾ ಅರ್ಜಿ ಬರೆಯದವರು ಯಾರೂ ಇರಲಾರರು. ಕೊನೆಯಲ್ಲಿ ಬಲಗಡೆಗೆ ‘ಇತಿ ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಬರೆದು ಸಹಿ ಹಾಕುತ್ತಿದ್ದೆವು. ಇಂಗ್ಲಿಷಿನಲ್ಲಾದರೆ ‘ಯುವರ್ಸ್ ಒಬೀಡಿಯೆಂಟ್ಲಿ’. ಬ್ರಿಟಿಷರ ಕಾಲದ ಕಚೇರಿ ಪತ್ರಗಳಲ್ಲಿ ಮೇಲಧಿಕಾರಿಯೂ ಸಹ ‘ತಮ್ಮ ಅತ್ಯಂತ ವಿಧೇಯ ಸೇವಕ’ ಎಂದು ಸಹಿ ಮಾಡುವ ಪದ್ಧತಿ ಇತ್ತು. ಆ ಸಾಲು ಅಲ್ಲಿಂದ ಇಳಿದು ನಮ್ಮ ಮೂರನೇ ಬೆಂಚಿನ ಹುಡುಗನ ಜ್ವರದ ಅರ್ಜಿಗೂ ಬಂತು. ಎರಡನೆಯ ಪದ, ಡೋಸೈಲ್, ಅಷ್ಟು ಪರಿಚಿತವಲ್ಲ. ಪಠ್ಯದಲ್ಲಿ ಆನೆಯ ಬಗ್ಗೆಯೋ ಹಸುವಿನ ಬಗ್ಗೆಯೋ ಪಾಠವಿದ್ದಾಗ ಸಿಗುತ್ತದೆ. ‘ಸಾಧು ಪ್ರಾಣಿ’ ಎಂದು ಮೇಷ್ಟ್ರು ಅರ್ಥ ಹೇಳಿ ಮುಂದೆ ಹೋಗುತ್ತಾರೆ.

ಈಗಿನ ಬಳಕೆಯಲ್ಲಿ ಇವೆರಡರ ವ್ಯತ್ಯಾಸ ಏನು? ಒಬೀಡಿಯೆಂಟ್ ಎನ್ನಲು ಒಂದು ಆಜ್ಞೆ ಇರಬೇಕು. ಹೇಳುವವರೊಬ್ಬರು ಬೇಕು, ಅದರಂತೆ ಮಾಡುವವರೊಬ್ಬರು ಬೇಕು. ಅದು ಕೆಲಸಕ್ಕೆ ಸಂಬಂಧಿಸಿದ ಮಾತು. ಡೋಸೈಲ್ ಎನ್ನಲು ಯಾರೂ ಏನೂ ಹೇಳಬೇಕಾಗಿಲ್ಲ. ಅದು ಸ್ವಭಾವದ ಮಾತು: ಎದುರಾಡದ, ಕೊಸರಾಡದ, ಕಟ್ಟಿದ ಕಡೆ ನಿಲ್ಲುವ ಸ್ವಭಾವ.

ಸೈನಿಕನನ್ನು ನೋಡಿ. ಅವನು ಒಬೀಡಿಯೆಂಟ್. ಅಪ್ಪಣೆಯಾದರೆ ಹಿಮದ ಮೇಲೆ ರಾತ್ರಿಯಿಡೀ ನಿಲ್ಲುತ್ತಾನೆ. ಆದರೆ ಯಾವ ಸೇನಾಧಿಕಾರಿಯೂ ತನ್ನ ಸೈನಿಕರು ಡೋಸೈಲ್ ಆಗಿರಲಿ ಎಂದು ಬಯಸುವುದಿಲ್ಲ. ಇನ್ನು ತರಗತಿಗೆ ಬನ್ನಿ. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಇರುತ್ತಾನೆ. ಗಲಾಟೆ ಇಲ್ಲ, ತಂಟೆ ಇಲ್ಲ. ‘ಅರ್ಥವಾಯಿತೇನಪ್ಪಾ?’ ಎಂದರೆ ‘ಹೂಂ ಸಾರ್’ ಎನ್ನುತ್ತಾನೆ. ‘ನಾಳೆ ಬರೆದುಕೊಂಡು ಬಾ’ ಎಂದರೂ ‘ಹೂಂ ಸಾರ್’. ನಾಳೆ ಬರೆದಿರುವುದಿಲ್ಲ. ಅವನು ಡೋಸೈಲ್, ಆದರೆ ಒಬೀಡಿಯೆಂಟ್ ಅಲ್ಲ. ಅವನ ಪಕ್ಕದಲ್ಲೇ ಇನ್ನೊಬ್ಬಳು. ಪ್ರತಿಯೊಂದಕ್ಕೂ ‘ಯಾಕೆ ಸಾರ್?’ ಎನ್ನುತ್ತಾಳೆ. ಕಾರಣ ಹೇಳಿದ ಮೇಲೆ ಹೇಳಿದ್ದಕ್ಕಿಂತ ಚೆನ್ನಾಗಿ ಮಾಡಿಕೊಂಡು ಬರುತ್ತಾಳೆ. ಅವಳು ಒಬೀಡಿಯೆಂಟ್, ಡೋಸೈಲ್ ಅಲ್ಲ. ಸ್ಟಾಫ್ ರೂಮಿನಲ್ಲಿ ‘ಒಳ್ಳೆಯ ಮಗು’ ಎಂಬ ಹೆಸರು ಮಾತ್ರ ಬಹಳ ಸಲ ಮೊದಲನೆಯವನಿಗೇ ಸಿಗುತ್ತದೆ.

ಈಗ ಬೇರುಗಳಿಗೆ ಇಳಿಯೋಣ. ಒಬೀಡಿಯೆಂಟ್ ಎಂಬುದು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. ಅದರ ಹಿಂದಿರುವ ಲ್ಯಾಟಿನ್ ಕ್ರಿಯಾಪದವನ್ನು ವಿದ್ವಾಂಸರು ಎರಡು ತುಂಡು ಮಾಡಿ ತೋರಿಸುತ್ತಾರೆ. ಮೊದಲ ತುಂಡು ‘ಓಬ್’. ‘ಕಡೆಗೆ’, ‘ಎದುರಿಗೆ’ ಎಂದು ಅದರ ಅರ್ಥ. ಎರಡನೆಯದು ‘ಔದೀರೆ’, ಎಂದರೆ ಕೇಳಿಸಿಕೊಳ್ಳುವುದು. ಹೇಳುವವರ ಕಡೆಗೆ ಕಿವಿ ಕೊಡುವವನೇ ಒಬೀಡಿಯೆಂಟ್. ಇದೇ ‘ಔದೀರೆ’ಯಿಂದ ಆಡಿಯೋ ಬಂತು, ಆಡಿಟೋರಿಯಂ ಬಂತು, ಸಭಿಕರನ್ನು ಹೇಳುವ ಆಡಿಯೆನ್ಸ್ ಬಂತು. ನಮ್ಮ ಶಾಲೆಯ ದಾಖಲೆಗಳನ್ನು ತಪಾಸಣೆ ಮಾಡಲು ಬರುವ ಆಡಿಟರ್ ಕೂಡ ಅದೇ ಬಳಗದವರು. ಹಿಂದೆ ಲೆಕ್ಕಪತ್ರಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು, ಅದನ್ನು ಕೂತು ಕೇಳುತ್ತಿದ್ದವನು ಆಡಿಟರ್. ಈಗಿನವರು ನಾವು ಹೇಳಿದ್ದನ್ನು ಎಷ್ಟು ಕೇಳಿಸಿಕೊಳ್ಳುತ್ತಾರೆ ಎಂಬುದನ್ನು ಗುಮಾಸ್ತರನ್ನೇ ಕೇಳಬೇಕು!

ಕೇಳುವುದರಿಂದ ವಿಧೇಯತೆ ಹುಟ್ಟುವುದು ಲ್ಯಾಟಿನ್‌ನಲ್ಲಿ ಮಾತ್ರವಲ್ಲ. ಜರ್ಮನ್, ರಷ್ಯನ್ ಭಾಷೆಗಳಲ್ಲೂ ಹೇಳಿದಂತೆ ನಡೆಯುವುದಕ್ಕೆ ಇರುವ ಪದಗಳು ಕಿವಿಗೊಡುವುದನ್ನು ಹೇಳುವ ಪದಗಳಿಂದಲೇ ಬಂದಿವೆ. ಸಂಸ್ಕೃತದಲ್ಲಿ ‘ಶ್ರು’ ಎಂದರೆ ಕೇಳು. ಕುಡಿಯುವ ಬಯಕೆ ಪಿಪಾಸೆ, ತಿಳಿಯುವ ಬಯಕೆ ಜಿಜ್ಞಾಸೆ ಆಗುವ ಹಾಗೆಯೇ ಕೇಳುವ ಬಯಕೆ ‘ಶುಶ್ರೂಷೆ’ ಆಯಿತು. ಗುರುವಿನ ಮಾತನ್ನು ಕೇಳಬೇಕೆಂಬ ಹಂಬಲದಿಂದ ಹತ್ತಿರ ಇರುವುದು, ಆಮೇಲೆ ಸೇವೆ ಮಾಡುವುದು, ಆಮೇಲೆ ರೋಗಿಯ ಆರೈಕೆ. ಇವತ್ತು ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡುವ ಸಿಸ್ಟರ್ ಬಾಯಲ್ಲಿ ಆ ಪದ ಇದೆ. ಅದರ ಹೊಟ್ಟೆಯಲ್ಲಿ ‘ಕೇಳಬೇಕು’ ಎಂಬ ಆಸೆ ಈಗಲೂ ಇದೆ.

ನಮ್ಮ ಕನ್ನಡವಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಪೋಷಕರ ಸಭೆಯಲ್ಲಿ ನಾವು ಅತಿ ಹೆಚ್ಚು ಕೇಳುವ ದೂರು ಯಾವುದು? ‘ನಮ್ಮ ಹುಡುಗ ಮಾತೇ ಕೇಳಲ್ಲ ಸಾರ್, ನೀವಾದರೂ ಸ್ವಲ್ಪ ಹೇಳಿ.’ ಅವನ ಕಿವಿಯಲ್ಲಿ ತೊಂದರೆ ಇದೆ ಎಂದು ಯಾರೂ ತಿಳಿಯುವುದಿಲ್ಲ. ಹೇಳಿದಂತೆ ನಡೆಯುವುದಿಲ್ಲ ಎಂದು ಅರ್ಥ. ‘ಕಥೆ ಕೇಳು’ ಎಂದರೆ ಆಲಿಸು. ‘ಮಾತು ಕೇಳು’ ಎಂದರೆ ಪಾಲಿಸು. ‘ದಾರಿ ಕೇಳು’, ‘ಬೆಲೆ ಕೇಳು’, ‘ಪ್ರಶ್ನೆ ಕೇಳು’ ಎಂದರೆ ವಿಚಾರಿಸು. ಮೂರಕ್ಕೂ ಒಂದೇ ಧಾತು. ತಮಿಳಿನಲ್ಲೂ ತುಳುವಿನಲ್ಲೂ ಹೀಗೆ ಆಲಿಸುವುದಕ್ಕೂ ವಿಚಾರಿಸುವುದಕ್ಕೂ ಒಂದೇ ಪದ ನಡೆಯುತ್ತದೆ. ಇಂಗ್ಲಿಷಿನವರಿಗೆ ಇದಕ್ಕೆ ಬೇರೆ ಬೇರೆ ಕ್ರಿಯಾಪದಗಳು ಬೇಕು. ನಮ್ಮಲ್ಲಿ ಕೇಳಿಸಿಕೊಂಡವನೇ ಕೇಳುವವನೂ ಹೌದು. ಈ ಒಂದು ಮಾತನ್ನು ಮಕ್ಕಳು ಮನಸ್ಸಿನಲ್ಲಿಟ್ಟುಕೊಳ್ಳಿ, ಇದಕ್ಕೆ ಮತ್ತೆ ಬರುತ್ತೇನೆ.

ಅರ್ಜಿಯಲ್ಲಿ ಬರೆಯುವ ‘ವಿಧೇಯ’ ಪದದಲ್ಲಿ ಮಾತ್ರ ಕಿವಿಯ ಸುದ್ದಿ ಇಲ್ಲ. ಅದು ವಿಧಿ, ವಿಧಾನ, ವಿಧೇಯಕ, ವಿಧಾನಸೌಧಗಳ ಮನೆತನದ ಪದ. ವಿಧಿಸಿದ್ದಕ್ಕೆ ಒಳಪಟ್ಟವನು ವಿಧೇಯ. ‘ಮಾತು ಕೇಳುವವನು’ ಎನ್ನುವಾಗ ಇರುವ ಕಿವಿಯೂ ಬಾಯಿಯೂ ಅಲ್ಲಿ ಇಲ್ಲ. ಅರ್ಜಿಯ ನಮೂನೆಯನ್ನು ಬದಲಿಸಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಅಮ್ಮಂದಿರು ಬಳಸುವ ಪದ ಕಚೇರಿಯ ಪದಕ್ಕಿಂತ ಎಷ್ಟು ದೊಡ್ಡದು ಎಂದು ತೋರಿಸಿದೆ, ಅಷ್ಟೇ.

ಇನ್ನು ಡೋಸೈಲ್. ಇದರ ಮೂಲ ಲ್ಯಾಟಿನ್‌ನ ‘ದೊಕೇರೆ’. ಕಲಿಸುವುದು ಎಂದು ಅರ್ಥ. ಅದರಿಂದ ‘ದೊಕಿಲಿಸ್’: ಕಲಿಸಿದರೆ ಕಲಿಯಬಲ್ಲವನು. ಇದೇ ಬೇರಿನಿಂದ ಡಾಕ್ಟರ್ ಬಂತು. ಡಾಕ್ಟರ್ ಎಂದರೆ ಮೂಲದಲ್ಲಿ ಬೋಧಕ, ಪಿಎಚ್.ಡಿ. ಮಾಡಿದವರನ್ನು ಡಾಕ್ಟರ್ ಎನ್ನುವುದು ಆ ಹಳೆಯ ಅರ್ಥದಲ್ಲೇ. ಸೂಜಿ ಚುಚ್ಚುವವರಿಗೆ ಆ ಹೆಸರು ಅಂಟಿದ್ದು ಆಮೇಲೆ. ತತ್ತ್ವ, ಸಿದ್ಧಾಂತ ಎಂಬ ಅರ್ಥದ ಡಾಕ್ಟ್ರಿನ್, ದಾಖಲೆ ಎಂಬ ಅರ್ಥದ ಡಾಕ್ಯುಮೆಂಟ್ ಇದರ ಒಡಹುಟ್ಟುಗಳು. ಹದಿನೈದನೇ ಶತಮಾನದ ಕೊನೆಯ ಹೊತ್ತಿಗೆ ಡೋಸೈಲ್ ಇಂಗ್ಲಿಷಿಗೆ ಬಂದಾಗ ಅದು ಹೊಗಳಿಕೆಯ ಮಾತಾಗಿತ್ತು. ಡೋಸೈಲ್ ವಿದ್ಯಾರ್ಥಿ ಎಂದರೆ ಹೇಳಿಕೊಟ್ಟಿದ್ದನ್ನು ಹಿಡಿದುಕೊಳ್ಳುವ, ಕಲಿಯಲು ಸಿದ್ಧನಿರುವ ವಿದ್ಯಾರ್ಥಿ. ನಮ್ಮ ‘ಶಿಷ್ಯ’ ಪದಕ್ಕೂ ಇದಕ್ಕೂ ಬೇರು ಬೇರೆ, ಭಾವ ಒಂದೇ. ‘ಶಾಸ್’ ಎಂದರೆ ಉಪದೇಶಿಸು. ಉಪದೇಶಕ್ಕೆ ತಕ್ಕವನು ಶಿಷ್ಯ.

ಇಷ್ಟು ಒಳ್ಳೆಯ ಪದ ಕೊಟ್ಟಿಗೆಗೆ ಹೋದದ್ದು ಹೇಗೆ? ಪದಗಳು ಒಂದೇ ದಿನ ಕೆಡುವುದಿಲ್ಲ. ಕುದುರೆಯನ್ನೂ ಆನೆಯನ್ನೂ ಪಳಗಿಸುವವರು, ಬೇಗ ಕಲಿಯುವ ಪ್ರಾಣಿಯನ್ನು ಡೋಸೈಲ್ ಎಂದರು. ಬೇಗ ಕಲಿಯುವ ಪ್ರಾಣಿ ಎಂದರೆ ಅವರಿಗೆ ಸುಲಭವಾಗಿ ಬಗ್ಗುವ ಪ್ರಾಣಿ. ಕಲಿಯುವುದು ಹಿಂದೆ ಸರಿಯಿತು, ಬಗ್ಗುವುದು ಮುಂದೆ ಬಂತು. ಹದಿನೆಂಟನೇ ಶತಮಾನದ ಹೊತ್ತಿಗೆ ಈ ಎರಡನೆಯ ಅರ್ಥ ಗಟ್ಟಿಯಾಯಿತು, ಮನುಷ್ಯರ ಮೇಲೂ ಪ್ರಯೋಗವಾಯಿತು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ನಿಂತ ಮೇಲೆ, 1834ರಿಂದ, ಕರಾರು ಕೂಲಿಗಳಾಗಿ ನಮ್ಮ ದೇಶದ ಬಡವರನ್ನು ಮಾರಿಷಸ್‌ಗೂ ಆಮೇಲೆ ಇತರ ದ್ವೀಪಗಳಿಗೂ ಕಬ್ಬಿನ ತೋಟದ ಕೆಲಸಕ್ಕೆ ಸಾಗಿಸಿದರು. ಅಂಥ ಕೂಲಿಗಳನ್ನು ಹೊಗಳುವಾಗ ತೋಟದ ಮಾಲೀಕರಿಗೆ ಬೇಕಾದ ಪದ ಇದೇ ಆಗಿತ್ತು. ಡೋಸೈಲ್ ಕೂಲಿ ಎಂದರೆ ಚೆನ್ನಾಗಿ ಕಲಿಯುವವನು ಎಂದಲ್ಲ. ಎದುರು ಮಾತನಾಡದೆ ದುಡಿಯುವವನು ಎಂದು. ಕಲಿಯುವವನ ಗುಣ ಆಳಿಸಿಕೊಳ್ಳುವವನ ಗುಣವಾಯಿತು.

ನಮ್ಮ ‘ಸಾಧು’ ಪದಕ್ಕೂ ಇಂಥದೇ ಗತಿ ಬಂದಿದೆ. ಸಂಸ್ಕೃತದಲ್ಲಿ ಅದು ಸಾಧಿಸು ಎಂಬುದರ ಬಳಗ. ನೇರವಾಗಿ ಗುರಿ ಮುಟ್ಟುವವನು, ಸರಿಯಾದವನು, ಸಜ್ಜನ. ವ್ಯಾಕರಣದಲ್ಲಿ ಸರಿಯಾದ ರೂಪವನ್ನು ಇಂದಿಗೂ ಸಾಧುರೂಪ ಎನ್ನುತ್ತೇವೆ. ಆದರೆ ಸಂತೆಯಲ್ಲಿ ‘ಸಾಧು ಹಸು’ ಎಂದರೆ ಒದೆಯದ ಹಸು. ‘ಪಾಪ, ಸಾಧು ಮನುಷ್ಯ’ ಎಂದರೆ ಯಾರು ತುಳಿದರೂ ಸುಮ್ಮನಿರುವವನು. ಸಾಧಿಸುವವನೂ ತುಳಿಸಿಕೊಳ್ಳುವವನೂ ಒಂದೇ ಪದದಲ್ಲಿ ಕೂತಿದ್ದಾರೆ.

ಹಾಗಾದರೆ ಶಾಲೆಗೆ ಬೇಕಾದದ್ದು ಯಾವುದು? ನನ್ನ ಉತ್ತರ: ಮೂಲದ ಅರ್ಥದ ಡೋಸೈಲ್, ಕನ್ನಡದ ಅರ್ಥದ ಒಬೀಡಿಯೆಂಟ್. ಕಲಿಯಲು ಸಿದ್ಧವಿರುವ, ಕೇಳಿಸಿಕೊಳ್ಳುವ, ಕೇಳುವ ಮಗು. ಇದು ಪಶ್ಚಿಮದಿಂದ ತಂದ ಹೊಸ ಮಾತೇನೂ ಅಲ್ಲ. ಕಠೋಪನಿಷತ್ತಿನ ನಚಿಕೇತನ ಕಥೆ ನಿಮಗೆ ಗೊತ್ತು. ತಂದೆ ಮುದಿ ಹಸುಗಳನ್ನು ದಾನ ಕೊಡುತ್ತಿದ್ದಾಗ ಹುಡುಗನಿಗೆ ಸರಿ ಕಾಣಲಿಲ್ಲ. ನನ್ನನ್ನು ಯಾರಿಗೆ ಕೊಡುತ್ತೀ ಎಂದು ಮತ್ತೆ ಮತ್ತೆ ಕೇಳಿದ. ಸಿಟ್ಟಿನಲ್ಲಿ ತಂದೆ ಯಮನ ಹೆಸರು ಹೇಳಿಬಿಟ್ಟ. ಹುಡುಗ ಮಾತು ಕೇಳಿ ಹೊರಟೇ ಹೋದ. ಮೂರು ರಾತ್ರಿ ಯಮನ ಬಾಗಿಲಲ್ಲಿ ಉಪವಾಸವಿದ್ದು, ಯಮನು ಬಂದಾಗ ಅವನನ್ನೂ ಪ್ರಶ್ನೆ ಕೇಳಿದ. ಯಮ ಸಂಪತ್ತಿನ ಆಸೆ ತೋರಿಸಿದರೂ ಪ್ರಶ್ನೆಯನ್ನು ಬಿಡಲಿಲ್ಲ. ಅವನಿಗಿಂತ ಮಾತು ಕೇಳುವ ಮಗನಿಲ್ಲ, ಅವನಿಗಿಂತ ಪ್ರಶ್ನೆ ಕೇಳುವ ಶಿಷ್ಯನೂ ಇಲ್ಲ. ತೈತ್ತಿರೀಯೋಪನಿಷತ್ತಿನಲ್ಲಿ ವಿದ್ಯಾಭ್ಯಾಸ ಮುಗಿಸಿ ಹೊರಟ ಶಿಷ್ಯನಿಗೆ ಗುರು ಹೇಳುವ ಬುದ್ಧಿಮಾತಿನಲ್ಲೂ ಇದೇ ಇದೆ. ನಮ್ಮ ಒಳ್ಳೆಯ ನಡತೆಗಳನ್ನಷ್ಟೇ ಅನುಸರಿಸು, ಉಳಿದವನ್ನು ಬೇಡ ಎಂದು ಗುರುವೇ ಹೇಳುತ್ತಾನೆ. ವಿಧೇಯತೆಗೆ ಗಡಿ ಹಾಕಿಕೊಟ್ಟವನು ಗುರುವೇ.

ಗಾಂಧೀಜಿಯವರ ಆತ್ಮಕಥೆಯಲ್ಲಿ ಬರುವ ಒಂದು ಪ್ರಸಂಗವನ್ನು ಇಂಗ್ಲಿಷ್ ಮೇಷ್ಟರುಗಳು ಮರೆಯಬಾರದು. ರಾಜಕೋಟೆಯ ಹೈಸ್ಕೂಲಿಗೆ ಜೈಲ್ಸ್ ಎಂಬ ಇನ್ಸ್‌ಪೆಕ್ಟರ್ ಬಂದಿದ್ದರು. ಐದು ಇಂಗ್ಲಿಷ್ ಪದಗಳ ಕಾಗುಣಿತ ಬರೆಸಿದರು. ಅದರಲ್ಲಿ ‘ಕೆಟಲ್’ ಎಂಬುದನ್ನು ಹುಡುಗ ಮೋಹನದಾಸ ತಪ್ಪಾಗಿ ಬರೆದ. ಪಕ್ಕದವನದನ್ನು ನೋಡಿಕೋ ಎಂದು ಮೇಷ್ಟ್ರು ಬೂಟಿನ ತುದಿಯಿಂದ ಸನ್ನೆ ಮಾಡಿದರು. ಹುಡುಗನಿಗೆ ಆ ಸನ್ನೆ ಅರ್ಥವೇ ಆಗಲಿಲ್ಲ. ಮೇಷ್ಟ್ರು ನಿಂತಿರುವುದು ನಕಲು ಮಾಡದಂತೆ ನೋಡಿಕೊಳ್ಳುವುದಕ್ಕೆ ಎಂದು ಅವನು ತಿಳಿದಿದ್ದ. ಉಳಿದವರದ್ದೆಲ್ಲ ಸರಿ, ಅವನದೊಂದೇ ತಪ್ಪು. ಆಮೇಲೂ ಆ ಗುರುಗಳ ಮೇಲಿನ ಗೌರವ ತನಗೆ ಕಡಿಮೆಯಾಗಲಿಲ್ಲ ಎಂದು ಬರೆದಿದ್ದಾರೆ. ನಕಲು ಮಾಡಬಾರದು ಎಂಬ ಪಾಠ ಆ ಹುಡುಗನೊಳಗೆ ಎಷ್ಟು ಇಳಿದಿತ್ತೆಂದರೆ ಅದನ್ನು ಮುರಿ ಎಂಬ ಸನ್ನೆ ಅವನಿಗೆ ತಲುಪಲೇ ಇಲ್ಲ. ಹಳೆಯ ಅರ್ಥದ ಡೋಸೈಲ್ ಎಂದರೆ ಇದು.

ಆ ಹುಡುಗ ದೊಡ್ಡವನಾಗಿ 1930ರ ಮಾರ್ಚ್ 12ರಂದು ಸಾಬರಮತಿಯಿಂದ ಹೊರಟು, ಏಪ್ರಿಲ್ 6ರಂದು ದಂಡಿಯಲ್ಲಿ ಉಪ್ಪು ಎತ್ತಿ ಸರ್ಕಾರದ ಕಾನೂನನ್ನು ಮುರಿದ. ಅದೇ ತಿಂಗಳು ನಮ್ಮ ಉತ್ತರ ಕನ್ನಡದ ಅಂಕೋಲೆಯ ಕಡಲ ತೀರದಲ್ಲೂ ಜನ ಉಪ್ಪು ಮಾಡಿದರು. ಆ ಚಳವಳಿಗೆ ಇಂಗ್ಲಿಷಿನಲ್ಲಿ ‘ಸಿವಿಲ್ ಡಿಸ್‌ಒಬೀಡಿಯೆನ್ಸ್’ ಎಂದು ಹೆಸರು. ನಮ್ಮ ನಾಡಿನಲ್ಲಿ ಅದು ‘ಸವಿನಯ ಕಾನೂನುಭಂಗ’ ಆಯಿತು. ಎಂಥ ಪದ ನೋಡಿ! ಕಾನೂನು ಮುರಿಯುತ್ತಾರೆ, ಆದರೆ ವಿನಯದಿಂದ. ವಿನಯ ಎಂದರೆ ತಲೆ ತಗ್ಗಿಸುವುದು ಎಂದಷ್ಟೇ ಈಗ ತಿಳಿಯುತ್ತೇವೆ. ಅದರ ಮೊದಲ ಅರ್ಥ ಶಿಕ್ಷಣ, ತರಬೇತಿ, ಶಿಸ್ತು. ಬೌದ್ಧ ಭಿಕ್ಷುಗಳ ನಿಯಮಗಳ ಸಂಗ್ರಹಕ್ಕೆ ವಿನಯಪಿಟಕ ಎಂದು ಹೆಸರು ಬಂದದ್ದು ಅದಕ್ಕೇ. ಲಾಠಿ ಏಟಿಗೆ ಕೈ ಎತ್ತದೆ, ಓಡಿಯೂ ಹೋಗದೆ ನಿಲ್ಲಲು ಬೇಕಾದದ್ದು ಆ ತರಬೇತಿ. ಜನ ಡೋಸೈಲ್ ಎಂದು ಆಳುವವರು ಯಾರನ್ನು ತಿಳಿದಿದ್ದರೋ ಅವರು ಬೇರೊಂದು ದನಿಗೆ ಕಿವಿ ಕೊಟ್ಟಿದ್ದರು. ಗಾಂಧೀಜಿ ಅದನ್ನು ಅಂತರ್ವಾಣಿ ಎನ್ನುತ್ತಿದ್ದರು.

ಸ್ವಾತಂತ್ರ್ಯದ ದೊಡ್ಡ ಕಥೆ ಅಲ್ಲಿಗಿರಲಿ. ನಮ್ಮ ಊರು, ನಮ್ಮ ಮನೆಗೆ ಬರೋಣ. ‘ಹಿರಿಯರು ಹೇಳಿದ ಹಾಗೆ ಕೇಳು’ ಎಂದು ನಾವೆಲ್ಲ ಮಕ್ಕಳಿಗೆ ಹೇಳುತ್ತೇವೆ. ಹೇಳಬೇಕು ಕೂಡ. ರಸ್ತೆ ದಾಟುವಾಗ, ಕೆರೆಯ ಹತ್ತಿರ ಹೋಗುವಾಗ ಚರ್ಚೆಗೆ ಸಮಯವಿಲ್ಲ. ಅಲ್ಲಿ ಮಾತು ಕೇಳಿದರೆ ಜೀವ ಉಳಿಯುತ್ತದೆ. ಆದರೆ ಈ ಮಾತಿನ ಜೊತೆಗೆ ‘ಸರಿ ಕಾಣದಿದ್ದರೆ ನಮ್ಮನ್ನು ಕೇಳು’ ಎಂಬ ಇನ್ನೊಂದು ಮಾತು ಸೇರದಿದ್ದರೆ ಅಪಾಯವಿದೆ. ಪರಿಚಯದ ಹಿರಿಯನೊಬ್ಬ ಕೆಟ್ಟದ್ದಕ್ಕೆ ಕರೆದು, ಯಾರಿಗೂ ಹೇಳಬೇಡ ಎಂದರೆ, ಬರೀ ಬಗ್ಗುವುದನ್ನು ಕಲಿತ ಮಗು ಬಾಯಿ ಮುಚ್ಚಿಕೊಂಡಿರುತ್ತದೆ. ಮಕ್ಕಳನ್ನು ಇಂಥದರಿಂದ ಕಾಪಾಡಲೆಂದು 2012ರಲ್ಲಿ ಪೋಕ್ಸೋ ಕಾಯ್ದೆ ಬಂತು. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾಡಬಾರದೆಂದು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇದೆ. 1098 ಎಂಬ ಮಕ್ಕಳ ಸಹಾಯವಾಣಿ ಇದೆ. ಆದರೆ ಆ ನಂಬರನ್ನು ಒತ್ತಬೇಕಾದದ್ದು ಬೆರಳು. ಅದಕ್ಕೆ ಮೊದಲು ‘ಇದು ಸರಿಯಾ?’ ಎಂದು ಕೇಳಬೇಕಾದದ್ದು ಮನಸ್ಸು. ಆ ಮನಸ್ಸನ್ನು ಕಾಯ್ದೆ ಕೊಡಲಾರದು. ಅದನ್ನು ಕೊಡಬೇಕಾದದ್ದು ಮನೆ ಮತ್ತು ಈ ನಾಲ್ಕು ಗೋಡೆಯ ತರಗತಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಗಂಡುಹುಡುಗ ಎದುರು ಮಾತನಾಡಿದರೆ ‘ಚೂಟಿ’ ಎನ್ನುತ್ತೇವೆ, ಹುಡುಗಿ ಆಡಿದರೆ ‘ಬಾಯಿ ಜಾಸ್ತಿ’. ಅವಳಿಗೆ ನಾವು ಕೊಡುವ ದೊಡ್ಡ ಬಿರುದು ‘ಇದ್ದಾಳೋ ಇಲ್ಲವೋ ಗೊತ್ತೇ ಆಗಲ್ಲ, ಅಷ್ಟು ಸಾಧು’ ಎಂಬುದು. ಒಬ್ಬ ವಿದ್ಯಾರ್ಥಿನಿ ಶಾಲೆಯಲ್ಲಿ ಇದ್ದಾಳೋ ಇಲ್ಲವೋ ಗೊತ್ತಾಗದಿದ್ದರೆ, ಅವಳು ಶಾಲೆ ಬಿಟ್ಟಾಗಲೂ ನಮಗೆ ಗೊತ್ತಾಗುವುದಿಲ್ಲ. ಈ ಐವತ್ತು ವರ್ಷಗಳ ಹಾಜರಿ ಪುಸ್ತಕಗಳಲ್ಲಿ ಒಂಬತ್ತನೇ ತರಗತಿಯ ಮಧ್ಯದಲ್ಲಿ ನಿಂತುಹೋದ ಹೆಸರುಗಳನ್ನು ನಾನು ನೆನೆಯುತ್ತೇನೆ. ಅವರಲ್ಲಿ ಎಷ್ಟು ಮಂದಿ ಸದ್ದಿಲ್ಲದ, ಸಾಧು ಮಕ್ಕಳು!

ಗುರುಬಂಧುಗಳಲ್ಲಿ ನನ್ನದೊಂದು ವಿನಂತಿ. ವರ್ಗಾವಣೆ ಪತ್ರದ ನಡತೆಯ ಅಂಕಣದಲ್ಲಿ ‘ಉತ್ತಮ’ ಎಂದು ಬರೆಯುವಾಗ ಒಂದು ಕ್ಷಣ ಪೆನ್ನು ನಿಲ್ಲಿಸಿ. ಈ ಮಗು ತೊಂದರೆ ಕೊಡಲಿಲ್ಲ ಎಂದು ಬರೆಯುತ್ತಿದ್ದೇವೋ, ಈ ಮಗು ಕಲಿಯಿತು ಎಂದು ಬರೆಯುತ್ತಿದ್ದೇವೋ? ಅರವತ್ತು ಮಕ್ಕಳ ತರಗತಿ, ಮುಗಿಯದ ಪಠ್ಯ, ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ, ಇವೆಲ್ಲದರ ನಡುವೆ ಪ್ರಶ್ನೆ ಕೇಳುವ ಮಗು ಭಾರವಾಗಿ ಕಾಣುವುದು ಸಹಜ. ಆದರೂ ಪ್ರತಿ ಪಿರಿಯಡ್ಡಿನ ಕೊನೆಯ ಐದು ನಿಮಿಷ ಅವರಿಗೆ ಬಿಡಿ. ಮೊದಮೊದಲು ಯಾರೂ ಕೇಳುವುದಿಲ್ಲ. ಒಂದು ತಿಂಗಳು ಕಾಯಿರಿ. ಮೊದಲ ಪ್ರಶ್ನೆ ಪೆದ್ದು ಪ್ರಶ್ನೆಯಾಗಿದ್ದರೂ ನಗಬೇಡಿ, ನಗುವವರನ್ನೂ ಬಿಡಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ನಾಳೆ ನೋಡಿಕೊಂಡು ಬರುತ್ತೇನೆ ಎನ್ನಿ. ಹಾಗೆ ಹೇಳಿದ ಮೇಷ್ಟರ ಮಾತನ್ನು ಮಕ್ಕಳು ಕೇಳುತ್ತಾರೆ.

ಮಕ್ಕಳೇ, ನಿಮಗೂ ಒಂದು ಮಾತು. ಪ್ರಶ್ನೆ ಕೇಳುವುದು ಎಂದರೆ ಎದುರುತ್ತರ ಕೊಡುವುದಲ್ಲ. ಪಾಠವನ್ನು ಪೂರ್ತಿ ಕೇಳಿಸಿಕೊಳ್ಳದವನಿಗೆ ಪ್ರಶ್ನೆ ಕೇಳಲು ಏನಿರುತ್ತದೆ? ಮೊದಲು ಕಿವಿ, ಆಮೇಲೆ ಬಾಯಿ, ಆಮೇಲೆ ಕೈ. ನಮ್ಮ ಭಾಷೆ ಕಿವಿಗೂ ಬಾಯಿಗೂ ಒಂದೇ ಪದ ಕೊಟ್ಟಿರುವುದು ನಿಮ್ಮ ಅನುಕೂಲಕ್ಕೆ ಎಂದು ತಿಳಿಯಿರಿ. ನಾಳೆ ರಜಾ ಅರ್ಜಿಯಲ್ಲಿ ‘ವಿಧೇಯ ವಿದ್ಯಾರ್ಥಿ’ ಎಂದು ಧಾರಾಳವಾಗಿ ಬರೆಯಿರಿ. ಬರೆಯುವಾಗ ಅದರ ಅರ್ಥ ‘ಕೇಳುವ ವಿದ್ಯಾರ್ಥಿ’ ಎಂದು ಮನಸ್ಸಿನಲ್ಲಿ ಓದಿಕೊಳ್ಳಿ.

ಐವತ್ತು ವರ್ಷ ಈ ಶಾಲೆ ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಹೇಳಿದೆ, ಕಲಿಸಿದೆ. ಮುಂದಿನ ಐವತ್ತು ವರ್ಷ ಅವರು ಹೇಳುವುದನ್ನೂ ಅದು ಕೇಳಲಿ ಎಂದು ಹಾರೈಸುತ್ತೇನೆ.  ಬಿಸಿಲಿನಲ್ಲೂ ಇಷ್ಟು ಹೊತ್ತು ಕುಳಿತು ನನ್ನ ಮಾತು ಕೇಳಿದಿರಿ. ಇನ್ನು ಹತ್ತು ನಿಮಿಷ ಸಮಯವಿದೆ. ಏನಾದರೂ ಇದ್ದರೆ ಕೇಳಿ.